ಗಣಿ ಪಕ್ಕದ ಬಾವಿ ನೀರು: ನೀವು ಕೇಳಿದ್ದು, ಬಲ್ಲವರು ಹೇಳಿದ್ದು

ತೆರೆದ ಗಣಿಗಳ ಸುತ್ತಲಿನ ಅಂತರ್ಜಲದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಸೇಡಂ, ಚಿತ್ತಾಪುರ, ಶಹಾಬಾದ್, ಶಹಾಪುರ, ಬೀದರ್ ಕಡೆಯಿಂದ ಪತ್ರ ಬಂದಿವೆ. ತೆಲಂಗಾಣದ ಕಲ್ಲಿದ್ದಲು ಗಣಿಯಲ್ಲಿ ಕೆಲಸಕ್ಕಿರುವ ನಮ್ಮ ಕಡೆಯವರೊಬ್ಬರೂ ಬರೆದಿದ್ದಾರೆ. ಕಲಬುರಗಿ ಜಿಲ್ಲೆಯ ನೆಲದಲ್ಲಿ ಕಲ್ಲಿದ್ದಲಿಲ್ಲ; ಇಲ್ಲಿ ತೆಗೆಯುವುದು ಸುಣ್ಣದಕಲ್ಲು ಮತ್ತು ಫರಸಿ. ಆದರೂ ನೀರಿನ ಮೇಲೆ ಕಣ್ಣಿಡುವ ಕ್ರಮ ಎರಡೂ ಕಡೆ ಒಂದೇ, ನೀರಿನಲ್ಲಿ ಹುಡುಕಬೇಕಾದದ್ದು ಮಾತ್ರ ಬೇರೆ. ಅಂತರ್ಜಲ ತಜ್ಞರು ಮತ್ತು ನೀರು ಪರೀಕ್ಷಾಲಯದ ರಸಾಯನ ತಜ್ಞರು ಸೇರಿ ಉತ್ತರ ಕೊಟ್ಟಿದ್ದಾರೆ.

ಪ್ರಶ್ನೆ: ನಮ್ಮ ಊರಿಂದ ಒಂದು ಕಿಲೋಮೀಟರ್‌ದಾಗ ಸುಣ್ಣದಕಲ್ಲಿನ ಗಣಿ ಅದ. ಮೂರು ವರ್ಷಾತು, ನಮ್ಮ ಬೋರಿನ ನೀರು ಗಡಸಾಗ್ಯಾವ. ಸಾಬೂನು ನೊರೆ ಬರಂಗಿಲ್ಲ, ತೊಗರಿ ಬ್ಯಾಳಿ ಲಗೂನ ಕುದಿಯಂಗಿಲ್ಲ. ಪೆನ್ನಿನಂಥ ಟಿಡಿಎಸ್ ಮೀಟರ್ ತರಿಸಿ ನೋಡಿದ್ರ 1400 ತೋರಸ್ತದ. ಇದು ಗಣಿಯಿಂದಲೇ ಆಗ್ಯದ ಅಂತ ಹೇಳಬಹುದೇನ್ರಿ?
(ರೈತರು, ಸೇಡಂ ತಾಲ್ಲೂಕು)

ಉತ್ತರ: ಇಷ್ಟರ ಮೇಲೆ ಹೇಳಲು ಬರುವುದಿಲ್ಲ. ಮೊದಲು ಮೀಟರಿನ ವಿಷಯ. ಅದು ಕರಗಿದ ಲವಣವನ್ನು ತೂಗುವುದಿಲ್ಲ. ನೀರಿನಲ್ಲಿ ವಿದ್ಯುತ್ ಎಷ್ಟು ಸರಾಗ ಹರಿಯುತ್ತದೆ ಎಂದು ಅಳೆದು, ಆ ಅಂಕಿಯನ್ನು ಒಂದು ಗುಣಕದಿಂದ ಗುಣಿಸಿ ತೋರಿಸುತ್ತದೆ. ಕೆಲವು ಕಂಪನಿಗಳ ಮೀಟರಿನಲ್ಲಿ ಆ ಗುಣಕ 0.5, ಕೆಲವದರಲ್ಲಿ 0.7. ನಿಮ್ಮದು 1400 ಎಂದ ನೀರನ್ನೇ ಪಕ್ಕದ ಮನೆಯವರ ಮೀಟರ್ 1000 ಎನ್ನಬಹುದು. ಹೋಲಿಸುವುದಾದರೆ ಒಂದೇ ಮೀಟರ್ ಹಿಡಿದು ಎಲ್ಲಾ ಬಾವಿ ನೋಡಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ 500 ಮಿ.ಗ್ರಾಂ ತನಕ ಒಳ್ಳೆಯದು, ಬೇರೆ ನೀರಿನ ಮೂಲ ಇಲ್ಲದಿದ್ದರೆ 2000 ತನಕ ಸಹಿಸಬಹುದು.

ಇನ್ನು ಗಡಸುತನ. ಸುಣ್ಣದಕಲ್ಲಿನ ಸೀಮೆಯಲ್ಲಿ ಅದು ಕಲ್ಲಿನಿಂದಲೇ ಬರುತ್ತದೆ. ಮಳೆನೀರು ಮಣ್ಣಿನಲ್ಲಿ ಇಂಗುವಾಗ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾಗಿ, ಸುಣ್ಣದಕಲ್ಲನ್ನು ಕರಗಿಸುತ್ತ ಇಳಿಯುತ್ತದೆ. ಗಣಿ ಇಲ್ಲದ ಊರಲ್ಲೂ ಇದು ಇದ್ದದ್ದೇ. ಆದರೆ ಗಣಿಗೂ ಇದಕ್ಕೂ ಸಂಬಂಧವೇ ಇಲ್ಲವೆಂದು ಕೈತೊಳೆದುಕೊಳ್ಳಲೂ ಆಗದು. ಗಣಿಯವರು ಹೊಂಡದ ನೀರನ್ನು ಹೊರಗೆ ಎತ್ತುತ್ತಿದ್ದರೆ ಸುತ್ತಲಿನ ನೀರಿನ ಮಟ್ಟ ಇಳಿಯುತ್ತದೆ. ನೀವು ಮೋಟರನ್ನು ಇನ್ನೂ ನಾಲ್ಕು ಪೈಪು ಕೆಳಗೆ ಬಿಡುತ್ತೀರಿ. ಆಗ ಬರುವುದು ಕೆಳಪದರದ, ಬಹಳ ಕಾಲ ಕಲ್ಲಿನೊಳಗೇ ನಿಂತ ನೀರು. ಅದು ಮೇಲಿನ ನೀರಿಗಿಂತ ಗಡಸು, ಕೆಲವೊಮ್ಮೆ ಸವಳು. ಗಣಿಯಿಂದ ಒಂದು ಹನಿ ಕೊಳಕೂ ನಿಮ್ಮ ಬೋರಿಗೆ ಬಂದಿರದೆ, ಗಣಿಯಿಂದಾಗಿಯೇ ನೀರು ಕೆಟ್ಟಿರಬಹುದು. ಹಾಗಾಗಿ ಈ ಮೂರು ವರ್ಷದಲ್ಲಿ ಬೋರನ್ನು ಮತ್ತೆ ಆಳಕ್ಕೆ ಕೊರೆಸಿದ್ದೀರಾ, ಮೋಟರು ಎಷ್ಟು ಇಳಿಸಿದ್ದೀರಿ, ಯಾವ ತಿಂಗಳಲ್ಲಿ, ಎಲ್ಲ ನೆನಪು ಮಾಡಿಕೊಂಡು ಬರೆದಿಡಿ. ಪರೀಕ್ಷೆ ಮಾಡುವವರು ಮೊದಲು ಕೇಳುವುದೇ ಅದನ್ನು.

ಆಮೇಲೆ ಪೂರ್ಣ ವಿಶ್ಲೇಷಣೆ ಮಾಡಿಸಿ: ಪಿಎಚ್, ವಿದ್ಯುತ್ ವಾಹಕತೆ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಪೊಟ್ಯಾಸಿಯಂ, ಬೈಕಾರ್ಬೊನೇಟ್, ಕ್ಲೋರೈಡ್, ಸಲ್ಫೇಟ್, ನೈಟ್ರೇಟ್, ಫ್ಲೋರೈಡ್. ನಿಮ್ಮ ಬೋರಿನದೊಂದೇ ಅಲ್ಲ. ಗಣಿಯಿಂದ ಏರಿನ ಕಡೆ ಇರುವ, ಅದೇ ಕಲ್ಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಆಳದ ಇನ್ನೊಂದು ಬೋರಿನದೂ ಅದೇ ದಿನ ಹಿಡಿಯಬೇಕು. ಎರಡೂ ಸಮನಾಗಿ ಗಡಸಿದ್ದರೆ ಅದು ಕಲ್ಲಿನ ಗುಣ. ನಿಮ್ಮದರಲ್ಲಿ ಮಾತ್ರ ನೈಟ್ರೇಟ್ ಅಥವಾ ಸಲ್ಫೇಟ್ ಎದ್ದು ಕಂಡರೆ ಮುಂದಿನ ವಿಚಾರಣೆಗೆ ದಾರಿ ಸಿಕ್ಕಿತು.

ಹಳೆಯ ಅಂಕಿಯೂ ಬೇಕು. ದೊಡ್ಡ ಗಣಿಗೆ ಅನುಮತಿ ಕೊಡುವ ಮುಂಚೆ ಪರಿಸರ ಪರಿಣಾಮದ ವರದಿ ಆಗಿರುತ್ತದೆ. ಸುತ್ತ 10 ಕಿ.ಮೀ. ಒಳಗಿನ ಕೆಲವು ಬಾವಿಗಳ ನೀರನ್ನು ಮಳೆಗಾಲವಲ್ಲದ ಒಂದು ಹಂಗಾಮಿನಲ್ಲಿ ಪರೀಕ್ಷಿಸಿ ಅದರಲ್ಲಿ ಹಾಕಿರುತ್ತಾರೆ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಹುಡುಕಿ. ನಿಮ್ಮ ಊರಿನ ಬಾವಿಯೇ ಆ ಪಟ್ಟಿಯಲ್ಲಿದ್ದರೆ ಅದಕ್ಕಿಂತ ಒಳ್ಳೆಯ ಆಧಾರ ಬೇರಿಲ್ಲ.

ಪ್ರಶ್ನೆ: ನಾನು ಚಿತ್ತಾಪುರದವನು. ಗೋದಾವರಿ ಕಣಿವೆಯ ಒಂದು ತೆರೆದ ಕಲ್ಲಿದ್ದಲು ಗಣಿಯಲ್ಲಿ ಗುತ್ತಿಗೆ ಪ್ರಯೋಗಾಲಯದ ಪರವಾಗಿ ನೀರಿನ ಮಾದರಿ ಹಿಡಿಯುವ ಕೆಲಸ. ‘ವೀಕ್ಷಣಾ ಬಾವಿಯಲ್ಲಿ ಐದು ನಿಮಿಷ ಪಂಪ್ ಓಡಿಸಿ ಬಾಟಲಿ ತುಂಬು’ ಎಂದು ಹೇಳಿಕೊಟ್ಟಿದ್ದಾರೆ. ಬಾಟಲಿ ತುಂಬಿದಾಗ ತಿಳಿಯಾಗಿದ್ದ ನೀರು ರೂಮಿಗೆ ಬರುವಷ್ಟರಲ್ಲಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಎರಡು ಕಡೆ ತಪ್ಪುತ್ತಿದೆ. ಒಂದೊಂದಾಗಿ ನೋಡೋಣ.

ಬಾವಿಯ ಪೈಪಿನೊಳಗೆ ತಿಂಗಳುಗಟ್ಟಲೆ ನಿಂತ ನೀರು ಅಂತರ್ಜಲವೇ ಅಲ್ಲವೆಂದು ತಿಳಿಯಿರಿ. ಅದಕ್ಕೆ ಗಾಳಿ ತಗುಲಿದೆ, ಅದರ ಇಂಗಾಲದ ಡೈಆಕ್ಸೈಡ್ ಹಾರಿಹೋಗಿದೆ, ಕಬ್ಬಿಣ ತಳಕ್ಕೆ ಇಳಿದಿದೆ. ಅದನ್ನು ಹೊರಹಾಕಿ, ಸುತ್ತಲಿನ ಬಂಡೆಯಿಂದ ಹೊಸ ನೀರು ಬಂದಮೇಲೆ ಬಾಟಲಿ ಹಿಡಿಯಬೇಕು. ರೂಢಿಯ ಲೆಕ್ಕ: ಪೈಪಿನಲ್ಲಿ ನಿಂತ ನೀರಿನ ಮೂರು ಪಟ್ಟು. ನಾಲ್ಕು ಇಂಚಿನ ಪೈಪಿನಲ್ಲಿ ಪ್ರತಿ ಮೀಟರಿಗೆ 7.85 ಲೀಟರ್ ಹಿಡಿಯುತ್ತದೆ. ಪೈಪಿಲ್ಲದ ಆರೂವರೆ ಇಂಚಿನ ಬೋರಾದರೆ 21.4 ಲೀಟರ್. ನಿಮ್ಮ ಬಾವಿ 60 ಮೀಟರ್ ಆಳ, ನಾಲ್ಕು ಇಂಚಿನ ಪೈಪು, ನೀರು 18 ಮೀಟರಿನಲ್ಲಿ ಇದೆ ಎನ್ನಿ. ನಿಂತ ನೀರು 42 ಮೀಟರ್, ಅಂದರೆ ಸುಮಾರು 330 ಲೀಟರ್. ಮೂರು ಪಟ್ಟು 990 ಲೀಟರ್. ನಿಮಿಷಕ್ಕೆ 20 ಲೀಟರ್ ಎತ್ತುವ ಪಂಪಿಗೆ 50 ನಿಮಿಷ ಬೇಕು. ಐದು ನಿಮಿಷದಲ್ಲಿ ಹೋಗುವುದು 100 ಲೀಟರ್ ಮಾತ್ರ. ನಿಂತ ನೀರಿನ ಮೂರನೇ ಒಂದು ಪಾಲೂ ಅಲ್ಲ. ಪಂಪು ಎಷ್ಟು ಎತ್ತುತ್ತದೆ ಎಂಬುದನ್ನು ಅದರ ಮೇಲಿನ ಚೀಟಿ ನೋಡಿ ನಂಬಬೇಡಿ, 20 ಲೀಟರಿನ ಬಕೆಟ್ ಇಟ್ಟು ಗಡಿಯಾರ ಹಿಡಿಯಿರಿ.

ಲೀಟರ್ ಲೆಕ್ಕ ಮುಗಿದರೆ ಸಾಲದು, ನೀರು ಸ್ಥಿರವಾಗಬೇಕು. ಐದೈದು ನಿಮಿಷಕ್ಕೊಮ್ಮೆ ಪಿಎಚ್, ವಾಹಕತೆ, ಉಷ್ಣತೆ ಓದಿ. ಸತತ ಮೂರು ಓದಿನಲ್ಲಿ ಪಿಎಚ್ 0.1ಕ್ಕಿಂತ, ವಾಹಕತೆ ಶೇ. 3ಕ್ಕಿಂತ ಹೆಚ್ಚು ಅಲುಗದಿದ್ದರೆ ಮಾದರಿ ಹಿಡಿಯಬಹುದು. ಬೆಳಿಗ್ಗೆ ಹೊರಡುವ ಮುಂಚೆ ಪಿಎಚ್ ಮೀಟರನ್ನು 4, 7, 9.2ರ ಬಫರ್ ದ್ರಾವಣದಲ್ಲಿ, ವಾಹಕತೆ ಮೀಟರನ್ನು 1413 ಮೈಕ್ರೊಸೀಮೆನ್ಸ್/ಸೆಂ.ಮೀ. ಪ್ರಮಾಣ ದ್ರಾವಣದಲ್ಲಿ ಸರಿಮಾಡಿಕೊಳ್ಳಿ. ಸ್ವಲ್ಪ ಎತ್ತುವುದರೊಳಗೆ ಬತ್ತಿಹೋಗುವ ಬಡ ಬಾವಿಯಾದರೆ ಮೂರು ಪಟ್ಟಿನ ಹಟ ಬೇಡ: ಒಮ್ಮೆ ಖಾಲಿ ಮಾಡಿ, ಮತ್ತೆ ತುಂಬಿಕೊಂಡ ನೀರನ್ನು 24 ಗಂಟೆಯೊಳಗೆ ಹಿಡಿಯಿರಿ, ಹಾಗೆ ಮಾಡಿದ್ದನ್ನು ಚೀಟಿಯಲ್ಲಿ ಬರೆಯಿರಿ.

ಈಗ ಕಂದು ಬಣ್ಣ. ನೆಲದೊಳಗೆ ಆಮ್ಲಜನಕ ಇಲ್ಲದ ಕಡೆ ಕಬ್ಬಿಣ ಕರಗಿದ ಸ್ಥಿತಿಯಲ್ಲಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಗಾಳಿ ತಗುಲಿದೊಡನೆ ತುಕ್ಕಾಗಿ ತಳಕ್ಕೆ ಕೂರುತ್ತದೆ, ಜೊತೆಗೆ ಬೇರೆ ಲೋಹಗಳನ್ನೂ ಎಳೆದುಕೊಂಡು ಹೋಗುತ್ತದೆ. ಪ್ರಯೋಗಾಲಯದವರು ಮೇಲಿನ ತಿಳಿನೀರು ತೆಗೆದು ಪರೀಕ್ಷಿಸಿದರೆ ‘ಕಬ್ಬಿಣ ಇಲ್ಲ’ ಎಂಬ ವರದಿ ಬರುತ್ತದೆ. ಅದಕ್ಕೇ ಲೋಹಗಳ ಪರೀಕ್ಷೆಗೆ ಹಿಡಿದ ಬಾಟಲಿಗೆ ಬಾವಿಯ ಹತ್ತಿರವೇ ಆಮ್ಲ ಹಾಕಬೇಕು. ಕ್ರಮ ಮುಖ್ಯ: ಮೊದಲು 0.45 ಮೈಕ್ರಾನಿನ ಸೋಸುಕದಲ್ಲಿ ಸೋಸಿ, ಆಮೇಲೆ ಶುದ್ಧ ನೈಟ್ರಿಕ್ ಆಮ್ಲ ಬಿಟ್ಟು ಪಿಎಚ್ 2ಕ್ಕಿಂತ ಕೆಳಗೆ ತನ್ನಿ. ಲೀಟರಿಗೆ ಒಂದೂವರೆ-ಎರಡು ಮಿ.ಲೀ. ಸಾಂದ್ರ ಆಮ್ಲ ಸಾಮಾನ್ಯವಾಗಿ ಸಾಕು. ಬೈಕಾರ್ಬೊನೇಟ್ ಜಾಸ್ತಿ ಇರುವ ನೀರು ನೊರೆಗುಟ್ಟಿ ಇನ್ನಷ್ಟು ಕೇಳುತ್ತದೆ, ಪಿಎಚ್ ಕಾಗದ ಅದ್ದಿ ಖಚಿತ ಮಾಡಿಕೊಳ್ಳಿ. ಸೋಸದೆ ಆಮ್ಲ ಹಾಕಿದರೆ ಉಲ್ಟಾ ತಪ್ಪು: ನೀರಿನಲ್ಲಿ ತೇಲುವ ಜೇಡಿಯ ಕಣಗಳೂ ಕರಗಿ ಕಬ್ಬಿಣ, ಅಲ್ಯೂಮಿನಿಯಂ ಇಲ್ಲದಷ್ಟು ಏರಿ ಕಾಣುತ್ತವೆ, ಊರೆಲ್ಲ ಗುಲ್ಲಾಗುತ್ತದೆ.

ಉಳಿದ ಬಾಟಲಿಗಳು: ಲವಣಗಳಿಗೆ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ, ಅದೇ ನೀರಿನಿಂದ ಮೂರು ಸಲ ತೊಳೆದು, ಗಾಳಿಗುಳ್ಳೆ ಉಳಿಯದಂತೆ ಕಂಠಪೂರ್ತಿ ತುಂಬಿ, ಆಮ್ಲ ಬೇಡ. ನೈಟ್ರೇಟ್ ಮತ್ತು ಅಮೋನಿಯಾಕ್ಕೆ ಬೇರೆ ಬಾಟಲಿ, ಗಂಧಕಾಮ್ಲ ಹಾಕಿದ್ದು. ನೈಟ್ರೇಟನ್ನು ಲೋಹ ಪರೀಕ್ಷೆಯ ಬಾಟಲಿಯಿಂದ ಎಂದೂ ಪರೀಕ್ಷಿಸಬಾರದು. ಅದಕ್ಕೆ ಹಾಕಿದ ನೈಟ್ರಿಕ್ ಆಮ್ಲವೇ ನೈಟ್ರೇಟಾಗಿ ಕಾಣುತ್ತದೆ. ಎಣ್ಣೆ ಅಂಶಕ್ಕೆ ಗಾಜಿನ ಬಾಟಲಿ, ತೊಳೆಯದೆ ನೇರ ತುಂಬಬೇಕು, ಏಕೆಂದರೆ ಎಣ್ಣೆ ಗೋಡೆಗೆ ಅಂಟುತ್ತದೆ. ರೋಗಾಣು ಪರೀಕ್ಷೆಗೆ ಕ್ರಿಮಿಶುದ್ಧಿ ಮಾಡಿದ ಬಾಟಲಿ. ಎಲ್ಲವೂ ಐಸ್ ಪೆಟ್ಟಿಗೆಯಲ್ಲಿ ಹೋಗಲಿ. ಹತ್ತು ಮಾದರಿಗೆ ಒಂದರಂತೆ ಜೋಡಿ ಮಾದರಿ ಹಿಡಿದು ಬೇರೆ ಸಂಖ್ಯೆ ಕೊಟ್ಟು ಕಳಿಸಿ. ಶುದ್ಧ ಭಟ್ಟಿನೀರು ತುಂಬಿದ ಒಂದು ಬಾಟಲಿಯನ್ನೂ ಇಡೀ ದಿನ ಜೊತೆಗೆ ಸುತ್ತಿಸಿ ಕಳಿಸಿ. ಆ ಭಟ್ಟಿನೀರಿನಲ್ಲಿ ಸತು ಕಂಡರೆ ಅದು ಬಾವಿಯದಲ್ಲ, ನಿಮ್ಮ ಸಾಮಾನಿನದು.

ಕಲ್ಲಿದ್ದಲಿನ ಹತ್ತಿರ ಏನನ್ನು ಕಾಯಬೇಕು ಎಂಬುದನ್ನೂ ಹೇಳಿಬಿಡುತ್ತೇವೆ. ಕಲ್ಲಿದ್ದಲಿನಲ್ಲೂ ಅದರ ಮೇಲಿನ ಜೇಡಿಕಲ್ಲಿನಲ್ಲೂ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಇರುತ್ತದೆ. ಅಗೆದು ಗಾಳಿಗೆ ಒಡ್ಡಿದಾಗ ಅದು ಆಮ್ಲಜನಕ, ನೀರು ಸೇರಿ ಸಲ್ಫೇಟ್, ಕಬ್ಬಿಣ ಮತ್ತು ಆಮ್ಲವಾಗುತ್ತದೆ. ಅಸ್ಸಾಂ, ಮೇಘಾಲಯದ ಕಲ್ಲಿದ್ದಲಿನಲ್ಲಿ ಗಂಧಕ ಹೆಚ್ಚು, ಅಲ್ಲಿನ ಗಣಿನೀರು ನಿಜಕ್ಕೂ ಹುಳಿ. ಗೋದಾವರಿ ಕಣಿವೆಯಲ್ಲಾಗಲಿ, ನಮ್ಮ ರಾಜ್ಯದ ವಿದ್ಯುತ್ ನಿಗಮದ ಬರಾಂಜ್ ಗಣಿ ಇರುವ ಚಂದ್ರಪುರದ ವಾರ್ಧಾ ಕಣಿವೆಯಲ್ಲಾಗಲಿ ಗಂಧಕ ಸಾಮಾನ್ಯವಾಗಿ ಶೇ. 1ರ ಒಳಗೆ. ಹುಟ್ಟುವ ಅಲ್ಪ ಆಮ್ಲವನ್ನು ಕಲ್ಲಿನಲ್ಲಿರುವ ಕಾರ್ಬೊನೇಟ್ ನುಂಗಿಹಾಕುತ್ತದೆ. ಹಾಗಾಗಿ ಪಿಎಚ್ ಬೀಳಲಿ ಎಂದು ಕಾಯುತ್ತ ಕೂತರೆ ಹೊತ್ತಾಗಿರುತ್ತದೆ. ಮೊದಲು ಏರುವುದು ಸಲ್ಫೇಟ್, ಅದರೊಂದಿಗೆ ಗಡಸುತನ. ಆಮೇಲೆ ಕ್ಷಾರೀಯತೆ, ಅಂದರೆ ನೀರಿಗಿರುವ ಆಮ್ಲ ನುಂಗುವ ಶಕ್ತಿ, ಕುಗ್ಗುತ್ತದೆ. ಮ್ಯಾಂಗನೀಸ್, ಕಬ್ಬಿಣ ತಲೆ ಎತ್ತುತ್ತವೆ. ಪಿಎಚ್ ಬೀಳುವುದು ಕಟ್ಟಕಡೆಗೆ. ಪ್ರತಿ ಬಾವಿಗೆ ಸಲ್ಫೇಟ್ ಮತ್ತು ಕ್ಷಾರೀಯತೆಯ ಗೆರೆಗಳನ್ನು ಒಂದೇ ಹಾಳೆಯಲ್ಲಿ ಎಳೆಯಿರಿ. ಸಲ್ಫೇಟಿನ ಮಾನಕ 200, ಗರಿಷ್ಠ 400 ಮಿ.ಗ್ರಾಂ. ಆದರೆ 40 ಇದ್ದದ್ದು ಎರಡು ವರ್ಷದಲ್ಲಿ 120 ಆಯಿತೆಂದರೆ, ಮಾನಕದೊಳಗೇ ಇದೆ ಎಂದು ಸುಮ್ಮನಿರುವಂತಿಲ್ಲ.

ಪ್ರಶ್ನೆ: ನಮ್ಮ ಪಂಚಾಯಿತಿ ವ್ಯಾಪ್ತಿಯ ಗಣಿಯವರು ಎರಡು ವೀಕ್ಷಣಾ ಬಾವಿ ಕೊರೆಸಿದ್ದಾರೆ. ಎರಡೂ ಅವರ ಕಚೇರಿ ಮುಂದಿನ ಉದ್ಯಾನದಲ್ಲೇ ಇವೆ. ವರದಿ ಪ್ರತಿಸಲ ಚೆನ್ನಾಗಿಯೇ ಬರುತ್ತದೆ. ಬಾವಿ ಎಲ್ಲಿರಬೇಕು, ಹೇಗಿರಬೇಕು?
(ಗ್ರಾಮ ಪಂಚಾಯಿತಿ ಸದಸ್ಯರು, ಚಿತ್ತಾಪುರ ತಾಲ್ಲೂಕು)

ಉತ್ತರ: ದಿನಾ ಹುಲ್ಲಿಗೆ ನೀರು ಬಿಡುವ ಜಾಗದಲ್ಲಿ ಬಾವಿ ಇದ್ದರೆ ನೀವು ಪರೀಕ್ಷಿಸುವುದು ಉದ್ಯಾನದ ನೀರನ್ನು. ಬಾವಿಗಳ ಜಾಗ ನಿರ್ಧರಿಸಲು ಮೊದಲು ನೆಲದೊಳಗಿನ ನೀರು ಯಾವ ಕಡೆ ಸಾಗುತ್ತಿದೆ ಎಂದು ತಿಳಿಯಬೇಕು. ಅದಕ್ಕೆ ಒಂದೇ ಸಾಲಿನಲ್ಲಿಲ್ಲದ ಮೂರು ಬಾವಿ ಸಾಕು. ಪ್ರತಿ ಬಾವಿಯ ಬಾಯಿಯ ಎತ್ತರವನ್ನು ಸರ್ವೆಯವರಿಂದ ತೆಗೆಸಿ, ಅದರಿಂದ ನೀರಿನ ಆಳ ಕಳೆಯಿರಿ. ಉದಾಹರಣೆಗೆ, ಮೊದಲ ಬಾವಿಯ ಬಾಯಿ 432.50 ಮೀ., ನೀರು 14.20 ಮೀ. ಆಳದಲ್ಲಿ: ನೀರಿನ ಮಟ್ಟ 418.30. ಎರಡನೆಯದು 428.10, ಆಳ 12.60: ಮಟ್ಟ 415.50. ಮೂರನೆಯದು 430.40, ಆಳ 9.90: ಮಟ್ಟ 420.50. ನೀರು ಮೂರನೆಯದರ ಕಡೆಯಿಂದ ಎರಡನೆಯದರ ಕಡೆಗೆ ಇಳಿಯುತ್ತಿದೆ. ಆಳ ಮಾತ್ರ ನೋಡಿದ್ದರೆ ಮೊದಲ ಬಾವಿಯೇ ಎಲ್ಲಕ್ಕಿಂತ ತಗ್ಗು ಎಂದು ಮೋಸಹೋಗುತ್ತಿದ್ದೆವು. ಜಿಪಿಎಸ್ ಕೊಡುವ ಎತ್ತರ ಈ ಕೆಲಸಕ್ಕೆ ಬಾರದು, ಅದರಲ್ಲಿ ಹಲವು ಮೀಟರಿನ ಹೆಚ್ಚುಕಡಿಮೆ ಇರುತ್ತದೆ.

ದಿಕ್ಕು ಸಿಕ್ಕಮೇಲೆ ಏರಿನ ಕಡೆ ಕನಿಷ್ಠ ಒಂದು ಬಾವಿ, ಇಳಿಕೆಯ ಕಡೆ ಎರಡು-ಮೂರು. ಗಣಿಹೊಂಡಕ್ಕೊಂದೇ ಅಲ್ಲ, ಮಣ್ಣುಕಲ್ಲಿನ ಡಂಪಿಗೆ ಬೇರೆ, ವರ್ಕ್‌ಶಾಪ್ ಮತ್ತು ಡೀಸೆಲ್ ಬಂಕಿಗೆ ಬೇರೆ. ಇದರಲ್ಲೊಂದು ಸೂಕ್ಷ್ಮ ಇದೆ. ಹೊಂಡದಿಂದ ನೀರು ಎತ್ತುತ್ತಿರುವ ತನಕ ಸುತ್ತಲಿನ ಅಂತರ್ಜಲ ಹೊಂಡದ ಕಡೆಗೇ ಓಡುತ್ತಿರುತ್ತದೆ. ಹೊಂಡದ ಕೊಳಕು ಊರಿಗೆ ಬರುವುದಿಲ್ಲ, ಊರಿನ ನೀರು ಹೊಂಡಕ್ಕೆ ಹೋಗುತ್ತದೆ. ಆಗಿನ ಒಳ್ಳೆಯ ವರದಿಯಿಂದ ಏನೂ ಸಾಬೀತಾಗುವುದಿಲ್ಲ. ಗಣಿ ಮುಚ್ಚಿ ಪಂಪು ನಿಂತು ಹೊಂಡ ತುಂಬಿದಮೇಲೆ ಹರಿವು ತಿರುಗಬಹುದು, ಪರೀಕ್ಷೆ ನಿಜಕ್ಕೂ ಬೇಕಾಗುವುದು ಆಗ. ಡಂಪಿನಿಂದ ಸೋರುವ ನೀರು ಮಾತ್ರ ಇವತ್ತೇ ಹೊರಗೆ ಹೋಗುತ್ತಿರಬಹುದು. ಹಾಗೆಯೇ ಎತ್ತಿದ ನೀರನ್ನು ಹಳ್ಳಕ್ಕೆ ಬಿಡುತ್ತಿದ್ದರೆ ಹಳ್ಳದ ದಂಡೆಯ ಬಾವಿಗಳಿಗೆ ಅದು ಇಂಗಿ ಸೇರುತ್ತದೆ. ಕಾಗಿಣಾ ನದಿ ಸೇರುವ ಹಳ್ಳಗಳ ಪಕ್ಕದ ಊರಿನವರು ಇದನ್ನು ಗಮನಿಸಬೇಕು.

ನಮ್ಮ ಸುಣ್ಣದಕಲ್ಲಿನಲ್ಲಿ ಇನ್ನೊಂದು ತೊಡಕು: ನೀರು ಮರಳಿನಲ್ಲಿ ಜಿನುಗುವಂತೆ ಸಮನಾಗಿ ಸಾಗದೆ ಪದರಗಳ ಸಂದಿನಲ್ಲಿ, ಕರಗಿ ಅಗಲವಾದ ಬಿರುಕುಗಳಲ್ಲಿ ಓಡುತ್ತದೆ. ನೂರು ಮೀಟರ್ ಹತ್ತಿರದ ಬೋರಿಗೆ ಏನೂ ಆಗದೆ ಒಂದು ಕಿಲೋಮೀಟರ್ ದೂರದ ತೆರೆದ ಬಾವಿ ಕೆಡುವುದುಂಟು. ಆದ್ದರಿಂದ ಹೊಸ ಬಾವಿಗಳ ಜೊತೆ ಊರಿನ ಹಳೆಯ ಬಾವಿಗಳನ್ನೂ ಪಟ್ಟಿಗೆ ಸೇರಿಸಲೇಬೇಕು.

ಬಾವಿ ಕಟ್ಟುವ ಬಗೆ: ಆರೂವರೆ ಇಂಚು ಕೊರೆದು, ನಾಲ್ಕು ಇಂಚಿನ ಪಿವಿಸಿ ಪೈಪು ಇಳಿಸಿ, ನೀರಿನ ಪದರದ ಎದುರಿಗೆ ಮಾತ್ರ ಸೀಳಿದ ಪೈಪು ಬರುವಂತೆ ನೋಡಿಕೊಳ್ಳಬೇಕು. ಸುತ್ತ 2ರಿಂದ 4 ಮಿ.ಮೀ. ಗಾತ್ರದ ತೊಳೆದ ಬೆಣಚುಕಲ್ಲಿನ ಹರಳು. ಅಗ್ಗಕ್ಕೆ ಸಿಗುತ್ತದೆಂದು ಸುಣ್ಣದಕಲ್ಲಿನ ಜಲ್ಲಿಪುಡಿ ಹಾಕಿದರೆ ಅದೇ ಕರಗಿ ಗಡಸುತನ ತೋರಿಸುತ್ತದೆ. ಹರಳಿನ ಮೇಲೆ ಸುಮಾರು ಒಂದು ಮೀಟರ್ ಬೆಂಟೊನೈಟ್ ಜೇಡಿ, ಅಲ್ಲಿಂದ ನೆಲದ ತನಕ ಸಿಮೆಂಟ್ ರಾಡಿ. ಬೆಂಟೊನೈಟ್ ಹಾಕದಿದ್ದರೆ ಎರಡು ತಪ್ಪಾಗುತ್ತದೆ: ಮಳೆನೀರು ಪೈಪಿನ ಹೊರಮೈ ಹಿಡಿದು ನೇರ ಕೆಳಗಿಳಿಯುತ್ತದೆ, ಸಿಮೆಂಟ್ ಸೀಳುಗಳೊಳಗೆ ನುಗ್ಗುತ್ತದೆ. ಹೊಸ ಬಾವಿಯ ಪಿಎಚ್ 10 ದಾಟಿದ್ದರೆ ಮೊದಲು ಈ ಸಿಮೆಂಟನ್ನೇ ಸಂಶಯಪಡಿ. ಬಾಯಿ ನೆಲದಿಂದ ಅರ್ಧ ಮೀಟರ್ ಮೇಲಿರಲಿ, ಸುತ್ತ ಕಟ್ಟೆ, ಮೇಲೆ ಬೀಗವಿರುವ ಮುಚ್ಚಳ.

ಪ್ರಶ್ನೆ: ನೈಟ್ರೇಟ್ ಹೆಚ್ಚಿದೆ ಎಂದರೆ ಕಂಪನಿಯವರು ‘ನಿಮ್ಮ ಯೂರಿಯಾ, ನಿಮ್ಮ ತಿಪ್ಪೆ’ ಎನ್ನುತ್ತಾರೆ. ನಾವು ‘ನಿಮ್ಮ ಸಿಡಿಮದ್ದು’ ಎನ್ನುತ್ತೇವೆ. ಬಗೆಹರಿಸುವುದು ಹೇಗೆ?
(ಸೇಡಂ)

ಉತ್ತರ: ಇಬ್ಬರ ಮಾತಿನಲ್ಲೂ ಸತ್ಯ ಇರಬಹುದು. ಗಣಿ ಸಿಡಿತಕ್ಕೆ ಬಳಸುವ ಆನ್ಫೋ ಎಂಬ ಮಿಶ್ರಣದಲ್ಲಿ ಶೇ. 94ರಷ್ಟು ಅಮೋನಿಯಂ ನೈಟ್ರೇಟ್, ಉಳಿದದ್ದು ಡೀಸೆಲ್. ನೀರು ಕಂಡರೆ ಕರಗುವ ಮಾಲು. ಒದ್ದೆ ರಂಧ್ರಕ್ಕೆ ಇದನ್ನೇ ಸುರಿದರೆ, ತುಂಬುವಾಗ ನೆಲಕ್ಕೆ ಚೆಲ್ಲಿದರೆ, ಸಿಡಿಯದೆ ಉಳಿದರೆ, ಎಲ್ಲವೂ ನೈಟ್ರೇಟಾಗಿ ನೀರಿಗೆ ಹೋಗುತ್ತದೆ. ತಿಪ್ಪೆ ಮತ್ತು ಶೌಚಗುಂಡಿಯ ನೈಟ್ರೇಟಿನ ಜೊತೆ ಕ್ಲೋರೈಡ್, ಪೊಟ್ಯಾಸಿಯಂ, ರೋಗಾಣು ಕೂಡಿ ಬರುತ್ತವೆ. ಮದ್ದಿನದಾದರೆ ಕ್ಲೋರೈಡ್ ಅಷ್ಟಾಗಿ ಏರಿರುವುದಿಲ್ಲ, ಹೊಂಡದ ಹತ್ತಿರ ಅಮೋನಿಯಾ ಸಿಗುತ್ತದೆ, ಹೊಂಡದಿಂದ ದೂರ ಹೋದಂತೆ ಅಂಕಿ ಇಳಿಯುತ್ತದೆ. ಹೊಂಡದ ನೀರು, ಊರಿನ ನಡುವಿನ ಬಾವಿ, ಹೊಲದ ಬಾವಿ, ಮೂರನ್ನೂ ಒಂದೇ ದಿನ ಪರೀಕ್ಷಿಸಿದರೆ ಬಹುತೇಕ ಚಿತ್ರ ಸಿಗುತ್ತದೆ. ಯೂರಿಯಾ ಮಾತ್ರ ತೊಡಕು. ಅದರಲ್ಲೂ ಕ್ಲೋರೈಡ್ ಇಲ್ಲ. ಅದನ್ನು ಖಚಿತವಾಗಿ ಬೇರ್ಪಡಿಸಲು ಸಾರಜನಕ ಮತ್ತು ಆಮ್ಲಜನಕದ ಐಸೊಟೋಪ್ ಪರೀಕ್ಷೆ ಬೇಕು, ಖರ್ಚಿನ ಕೆಲಸ.

ಅಂಕಿ ಓದುವಾಗ ಎಚ್ಚರ: ಐಎಸ್ 10500ರ ಮಿತಿ 45 ಮಿ.ಗ್ರಾಂ, ಅದು ನೈಟ್ರೇಟ್ ಲೆಕ್ಕ. ಕಲ್ಲಿದ್ದಲು ಗಣಿಗಳಿಗೆ 2000ದಲ್ಲಿ ಬಂದ ನಿಯಮದಲ್ಲಿ ಹೊರಬಿಡುವ ನೀರಿಗೆ ಇರುವ 10ರ ಮಿತಿ ನೈಟ್ರೇಟಿನೊಳಗಿನ ಸಾರಜನಕದ ಲೆಕ್ಕ. ಒಂದನ್ನು ಇನ್ನೊಂದಕ್ಕೆ ತರಲು 4.43ರಿಂದ ಗುಣಿಸಬೇಕು. ವರದಿಯಲ್ಲಿ 12 ಎಂದಷ್ಟೇ ಬರೆದಿದ್ದರೆ ಅದು ಯಾವ 12 ಎಂದು ಕೇಳಿ. ಸಾರಜನಕದ 12 ಎಂದರೆ ನೈಟ್ರೇಟ್ 53.

ಪ್ರಶ್ನೆ: ಪ್ರಯೋಗಾಲಯದ ವರದಿ ನಂಬಬಹುದೋ ಇಲ್ಲವೋ ಎಂದು ಸಾಮಾನ್ಯರು ತಿಳಿಯುವ ಉಪಾಯ ಇದೆಯೇ?
(ಪ್ರೌಢಶಾಲೆ ವಿಜ್ಞಾನ ಶಿಕ್ಷಕರು, ಶಹಾಬಾದ್)

ಉತ್ತರ: ಇದೆ, ನಿಮ್ಮ ಹತ್ತನೇ ತರಗತಿಯ ಮಕ್ಕಳೇ ಮಾಡಬಹುದು. ನೀರಿನಲ್ಲಿ ಧನ ಅಯಾನು ಮತ್ತು ಋಣ ಅಯಾನುಗಳ ವಿದ್ಯುದಂಶ ಸಮನಾಗಿರಲೇಬೇಕು. ಪ್ರತಿಯೊಂದರ ಮಿ.ಗ್ರಾಂ ಅನ್ನು ಅದರ ತುಲ್ಯ ತೂಕದಿಂದ (ಅಯಾನಿನ ತೂಕವನ್ನು ಅದರ ವಿದ್ಯುದಂಶದಿಂದ ಭಾಗಿಸಿದ್ದು) ಭಾಗಿಸಬೇಕು. ಒಂದು ಲೆಕ್ಕ ನೋಡಿ. ಕ್ಯಾಲ್ಸಿಯಂ 120 ಮಿ.ಗ್ರಾಂ ಅನ್ನು 20.04ರಿಂದ ಭಾಗಿಸಿದರೆ 5.99, ಮೆಗ್ನೀಸಿಯಂ 48 ಭಾಗಿಸು 12.15, 3.95, ಸೋಡಿಯಂ 92 ಭಾಗಿಸು 23, 4.00, ಪೊಟ್ಯಾಸಿಯಂ 4 ಭಾಗಿಸು 39.1, 0.10. ಒಟ್ಟು 14.04. ಆ ಕಡೆ ಬೈಕಾರ್ಬೊನೇಟ್ 427 ಭಾಗಿಸು 61, 7.00, ಕ್ಲೋರೈಡ್ 142 ಭಾಗಿಸು 35.45, 4.01, ಸಲ್ಫೇಟ್ 96 ಭಾಗಿಸು 48.03, 2.00, ನೈಟ್ರೇಟ್ 31 ಭಾಗಿಸು 62, 0.50. ಒಟ್ಟು 13.51. ವ್ಯತ್ಯಾಸ 0.53, ಎರಡರ ಮೊತ್ತ 27.55, ಅಂದರೆ ಶೇ. 1.9. ಶೇ. 5ರ ಒಳಗಿದ್ದರೆ ವರದಿ ಒಪ್ಪಬಹುದು, 10 ದಾಟಿದರೆ ವಾಪಸು ಕಳಿಸಿ. ಧನ ಅಯಾನುಗಳ ಮೊತ್ತವನ್ನು 100ರಿಂದ ಗುಣಿಸಿದರೆ ವಾಹಕತೆಯ ಹತ್ತಿರ ಬರಬೇಕು. ಇಲ್ಲಿ ಸುಮಾರು 1400. ವರದಿಯಲ್ಲಿ 700 ಎಂದಿದ್ದರೆ ಎಲ್ಲೋ ಎಡವಿದ್ದಾರೆ.

ವ್ಯತ್ಯಾಸ ಪ್ರತಿಸಲ ಸೊನ್ನೆ ಬರುವುದೂ ಅನುಮಾನದ್ದೇ. ಸೋಡಿಯಮನ್ನು ಅಳೆಯದೆ, ಲೆಕ್ಕ ಸರಿದೂಗಲು ಎಷ್ಟು ಬೇಕೋ ಅಷ್ಟು ತುಂಬಿಸಿದಾಗ ಹಾಗಾಗುತ್ತದೆ. ಲೋಹಗಳ ಮುಂದೆ ‘ಪತ್ತೆ ಮಿತಿಗಿಂತ ಕಡಿಮೆ’ ಎಂದು ಬರೆದು ಆ ಮಿತಿ ಎಷ್ಟೆಂದು ಕೊಡದ ವರದಿಗೂ ಬೆಲೆ ಇಲ್ಲ. ಸೀಸದ ಮಾನಕ 0.01, ಉಪಕರಣಕ್ಕೆ 0.05ರ ಕೆಳಗೆ ಕಾಣದಿದ್ದರೆ ‘ಇಲ್ಲ’ ಎಂದದ್ದಕ್ಕೆ ಅರ್ಥವಿಲ್ಲ.

ಪ್ರಶ್ನೆ: ನಮ್ಮ ಊರ ಪಕ್ಕ ರೈಲ್ವೆ ಸೈಡಿಂಗಿನಲ್ಲಿ ಕಲ್ಲಿದ್ದಲು, ಪೆಟ್‌ಕೋಕ್ (ಕಚ್ಚಾತೈಲ ಸಂಸ್ಕರಿಸಿ ಉಳಿದ ಇದ್ದಲಿನಂಥ ಉರುವಲು) ರಾಶಿ ಹಾಕುತ್ತಾರೆ. ಮಳೆಗೆ ಕರಿನೀರು ಹರಿದು ಬರುತ್ತದೆ. ಬಾವಿಗೆ ಅಪಾಯವೇ?
(ಚಿತ್ತಾಪುರ ತಾಲ್ಲೂಕು)

ಉತ್ತರ: ಕರಿ ಬಣ್ಣ ಪುಡಿಯದು, ಮಣ್ಣು ಅದನ್ನು ಸೋಸಿಬಿಡುತ್ತದೆ, ಬಾವಿಗೆ ತಲುಪುವುದು ಕಡಿಮೆ. ಕರಗಿ ಇಳಿಯುವುದು ಸಲ್ಫೇಟ್, ಮ್ಯಾಂಗನೀಸ್. ಪೆಟ್‌ಕೋಕ್ ಆದರೆ ಅದರಲ್ಲಿ ಗಂಧಕ ಕಲ್ಲಿದ್ದಲಿಗಿಂತ ಬಹಳ ಹೆಚ್ಚು, ಜೊತೆಗೆ ವೆನೇಡಿಯಂ ಮತ್ತು ನಿಕ್ಕಲ್. ಮೊದಲ ದೊಡ್ಡ ಮಳೆಯ ಚರಂಡಿ ನೀರನ್ನು ಹಿಡಿದು ಈ ನಾಲ್ಕನ್ನೂ, ಪಿಎಚ್ ಅನ್ನೂ ನೋಡಿಸಿ. ರಾಶಿಯಿಂದ ಏನು ಬಿಡುತ್ತದೆ ಎಂದು ತಿಳಿದಮೇಲೆ ಬಾವಿಯಲ್ಲಿ ಅದನ್ನೇ ಹುಡುಕಬಹುದು. ಬಾವಿಯಲ್ಲಿ ಸಲ್ಫೇಟನ್ನು ಕ್ಲೋರೈಡಿನಿಂದ ಭಾಗಿಸಿ ಬರೆಯುತ್ತ ಹೋಗಿ; ಬೇಸಿಗೆಗೆ ನೀರು ಸಾಂದ್ರವಾದಾಗ ಎರಡೂ ಏರುತ್ತವೆ, ಭಾಗಲಬ್ಧ ಬದಲಾಗದು. ಭಾಗಲಬ್ಧವೇ ಏರಿದರೆ ಹೊರಗಿನ ಸಲ್ಫೇಟ್ ಸೇರಿದೆ. ರಾಶಿಯ ಕೆಳಗೆ ಕಾಂಕ್ರೀಟ್ ಹಾಸು, ಸುತ್ತ ಚರಂಡಿ, ನೀರು ತಿಳಿಯಾಗುವ ಕೊಳ ಇವೆಯೇ ಎಂದು ವಿಚಾರಿಸಿ. ಕೊಳ ಇದ್ದರೂ ಹೂಳು ತೆಗೆಯದೆ ತುಂಬಿಕೊಂಡಿದ್ದರೆ ಇದ್ದೂ ಇಲ್ಲದಂತೆ.

ಪ್ರಶ್ನೆ: ಬೀದರ್ ಸುತ್ತ ಕೆಂಪುಕಲ್ಲು ಕಡಿದ ಗುಂಡಿಗಳಲ್ಲಿ ನೀರು ಕೆಂಪಗೆ ನಿಂತಿದೆ. ಕಲ್ಲಿದ್ದಲು ಗಣಿಯ ಹುಳಿನೀರಿನ ಹಾಗೆಯೇ ಇದು?

ಉತ್ತರ: ಅಲ್ಲ. ಕೆಂಪುಕಲ್ಲಿನ ಕಬ್ಬಿಣ ಆಗಲೇ ತುಕ್ಕಾಗಿ ಮುಗಿದಿದೆ, ಅದರಿಂದ ಆಮ್ಲ ಹುಟ್ಟದು. ಒಂದು ಲೋಟದಲ್ಲಿ ರಾತ್ರಿ ಇಟ್ಟರೆ ಕೆಂಪು ತಳಕ್ಕಿಳಿಯುತ್ತದೆ. ಇಲ್ಲಿನ ಚಿಂತೆ ಬೇರೆ: ಈ ಕಲ್ಲು ತೂತುತೂತಾಗಿ ನೀರು ಹಿಡಿಯುವಂಥದ್ದು, ನೌಬಾದಿನ ಕರೇಜ್ (ನೆಲದೊಳಗಿನ ಹಳೆಯ ನೀರಿನ ಸುರಂಗ) ಹರಿದದ್ದು ಈ ಗುಣದಿಂದ. ಅದೇ ತೂತುಗಳಲ್ಲಿ ಚರಂಡಿ ನೀರೂ ಸೋಸದೆ ಓಡುತ್ತದೆ. ಹಳೆ ಗುಂಡಿಗಳನ್ನು ಕಸದಿಂದ ತುಂಬಿಸುವ ಕಡೆ ರೋಗಾಣು ಮತ್ತು ನೈಟ್ರೇಟ್ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಗೋಗಿ ಕಡೆ ಯುರೇನಿಯಂ ಇದೆ ಎನ್ನುತ್ತಾರೆ. ಪಂಚಾಯಿತಿಯ ನೀರು ಪರೀಕ್ಷಾ ಕಿಟ್‌ನಲ್ಲಿ ಗೊತ್ತಾಗುತ್ತದೆಯೇ, ಕಾಯಿಸಿ ಕುಡಿದರೆ ಸಾಕೇ?
(ಶಹಾಪುರ ತಾಲ್ಲೂಕು)

ಉತ್ತರ: ಎರಡಕ್ಕೂ ಇಲ್ಲ. ಗೋಗಿಯ ಕಲ್ಲಿನಲ್ಲಿ ಯುರೇನಿಯಂ ಖನಿಜ ಇರುವುದು ನಿಜ, ಗಣಿ ಮಾಡದಿದ್ದರೂ ಬೈಕಾರ್ಬೊನೇಟ್ ಹೆಚ್ಚಿರುವ ನೀರಿನಲ್ಲಿ ಅದು ಕರಗಿ ಬರಬಹುದು. ಕಿಟ್ ಬಣ್ಣ ನೋಡಿ ಹೇಳುವ ಸಾಧನ, ಯುರೇನಿಯಂ ಅದಕ್ಕೆ ಕಾಣದು. ಫ್ಲೋರಿಮೀಟರ್ ಅಥವಾ ಐಸಿಪಿ-ಎಂಎಸ್ ಎಂಬ ಸೂಕ್ಷ್ಮ ಉಪಕರಣ ಇರುವ ಪ್ರಯೋಗಾಲಯ ಬೇಕು. ಮಾನಕ ಲೀಟರಿಗೆ 0.03 ಮಿ.ಗ್ರಾಂ. ಕಾಯಿಸಿದರೆ ನೀರು ಇಂಗಿ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ, ಆರ್‌ಓ ತೆಗೆಯುತ್ತದೆ.

ಪ್ರಶ್ನೆ: ವರ್ಷಕ್ಕೆ ಎಷ್ಟು ಸಲ ಪರೀಕ್ಷೆ ಆಗಬೇಕು? ಕಂಪನಿಯ ವರದಿ ನಮಗೆ ಸಿಗುತ್ತದೆಯೇ? ನಾವೇ ಮಾಡಿಸಿದ ವರದಿ ಕೋರ್ಟಿನಲ್ಲಿ ನಡೆಯುತ್ತದೆಯೇ?
(ಹಲವರು)

ಉತ್ತರ: ದೊಡ್ಡ ಗಣಿಗಳ ಪರಿಸರ ಅನುಮತಿ ಪತ್ರದಲ್ಲಿ ಸಾಮಾನ್ಯವಾಗಿ ನಾಲ್ಕು ಸಲ ಎಂದಿರುತ್ತದೆ: ಏಪ್ರಿಲ್-ಮೇ, ಆಗಸ್ಟ್, ನವೆಂಬರ್, ಜನವರಿ. ಒಂದೇ ಸಲಕ್ಕೆ ದುಡ್ಡಿದ್ದರೆ ಮೇ ಸಾಕೆನ್ನುತ್ತಾರೆ. ಡಂಪಿನ ಸೋರಿಕೆ ಹಿಡಿಯಬೇಕಾದರೆ ಆಗಸ್ಟ್ ತಪ್ಪಿಸಬಾರದು ಎಂಬುದು ನಮ್ಮ ಅಭಿಪ್ರಾಯ. ನೀರಿನ ಮಟ್ಟವನ್ನಂತೂ ನೀವೇ ಹದಿನೈದು ದಿನಕ್ಕೊಮ್ಮೆ ಅಳೆಯಬಹುದು. ತುದಿಗೆ ತೂಕ ಕಟ್ಟಿದ ಉಕ್ಕಿನ ಟೇಪು, ಕೊನೆಯ ಒಂದು ಮೀಟರಿಗೆ ಸೀಮೆಸುಣ್ಣ ಹಚ್ಚಿ ಇಳಿಸಿ. ಒದ್ದೆಯಾದ ಗೆರೆಯೇ ನೀರಿನ ಮಟ್ಟ. ಮೋಟರು ನಿಲ್ಲಿಸಿ ರಾತ್ರಿ ಕಳೆದು, ಬೆಳಿಗ್ಗೆ ಅಳೆಯಿರಿ, ಪ್ರತಿಸಲ ಬಾವಿಯ ಬಾಯಿಯ ಅದೇ ಗುರುತಿನಿಂದ.

ಜಲ ಜೀವನ್ ಮಿಷನ್ ಅಡಿ ಪ್ರತಿ ಹಳ್ಳಿಯಲ್ಲಿ ಐದು ಮಂದಿ ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸಲು ಕಲಿಸುವ ವ್ಯವಸ್ಥೆ ಇದೆ. ನಿಮ್ಮ ಪಂಚಾಯಿತಿಯಲ್ಲಿ ಕಿಟ್ ಎಲ್ಲಿದೆ, ಅದರ ರಾಸಾಯನಿಕದ ಅವಧಿ ಮುಗಿದಿದೆಯೇ ನೋಡಿ. ಕಿಟ್‌ನಲ್ಲಿ ನೈಟ್ರೇಟ್ ಹೆಚ್ಚೆಂದು ಬಂದ ಬಾವಿಯದನ್ನು ಮಾತ್ರ ಪ್ರಯೋಗಾಲಯಕ್ಕೆ ಕಳಿಸಿದರೆ ಖರ್ಚು ಉಳಿಯುತ್ತದೆ.

ಅನುಮತಿಯ ಷರತ್ತುಗಳನ್ನು ಪಾಲಿಸಿದ ವರದಿಯನ್ನು ಕಂಪನಿ ವರ್ಷಕ್ಕೆರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು. ಅದು ಸಾರ್ವಜನಿಕ ದಾಖಲೆ, ಕಂಪನಿಯ ಜಾಲತಾಣದಲ್ಲೂ ಇರಬೇಕು. ಇಲ್ಲದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಬರಬೇಕು. ‘ನೀರಿನ ವಿವರ ಕೊಡಿ’ ಎಂದು ಕೇಳಿದರೆ ಒಂದು ಪುಟ ಕಳಿಸಿ ಕೈಬಿಡುತ್ತಾರೆ. ವೀಕ್ಷಣಾ ಬಾವಿಗಳ ನಕ್ಷೆ, ಪ್ರತಿ ಬಾವಿಯ ಆಳ ಮತ್ತು ಸೀಳುಪೈಪಿನ ಜಾಗ, ಕಳೆದ ಐದು ವರ್ಷದ ತ್ರೈಮಾಸಿಕ ಅಂಕಿ, ಪ್ರಯೋಗಾಲಯದ ಮೂಲ ವರದಿಯ ಪ್ರತಿ ಎಂದು ಬಿಡಿಬಿಡಿಯಾಗಿ ಕೇಳಿ.

ನೀವು ಮಾಡಿಸಿದ ಪರೀಕ್ಷೆ ದೂರಿಗೆ ಆಧಾರವಾಗುತ್ತದೆ, ಆದರೆ ಕಾನೂನಿನ ಬಲ ಇರುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯವರು ಹಿಡಿದ ಮಾದರಿಗೆ. 1974ರ ಜಲ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮಂಡಳಿಗೆ ಬಾವಿಯಿಂದಲೂ ಮಾದರಿ ಹಿಡಿಯುವ ಅಧಿಕಾರ ಇದೆ. ನಿಮ್ಮ ವರದಿಯ ಪ್ರತಿ, ಏರಿನ ಮತ್ತು ಇಳಿಕೆಯ ಬಾವಿಗಳ ಸರ್ವೆ ನಂಬರು, ಅಳೆದ ತಾರೀಖುಗಳನ್ನು ಲಗತ್ತಿಸಿ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅವರು ಬಂದ ದಿನ ಹಿಂದಿನ ರಾತ್ರಿಯಿಂದ ಬೋರು ಓಡಿಸಿರದಿದ್ದರೆ, ಮೇಲೆ ಹೇಳಿದ ಮೂರು ಪಟ್ಟು ನೀರು ಹೊರಹಾಕುವ ತನಕ ಬಾಟಲಿ ತುಂಬದಂತೆ ಕೇಳಿಕೊಳ್ಳಿ. ಬಾವಿ ನಿಮ್ಮದು, ಮೋಟರಿನ ಸ್ವಿಚ್ಚೂ ನಿಮ್ಮ ಕೈಯಲ್ಲೇ ಇರುತ್ತದೆ.